ಅತ್ತೆಯ ಬೆನ್ನ ಹಿಂದೆ, ಮೇಕೆದಾಟಿನ ದಾರಿಯಲ್ಲಿ

ಭೂಗೋಳ ಕಲಿಸುವವರೆಲ್ಲ ಸ್ವಲ್ಪ ಮಟ್ಟಿಗೆ ಸುಳ್ಳುಗಾರರೇ. ಬೇರೆಯವರ ಮೇಲೆ ಹೊರಿಸಿ ಹೇಳುತ್ತಿಲ್ಲ, ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ಜಯನಗರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಮರುಭೂಮಿಯನ್ನು ಕಲಿಸಿದೆ, ಹಿಮನದಿಯನ್ನು ಕಲಿಸಿದೆ, ಕೆಂಪು ಸೀಮೆಸುಣ್ಣ ಹಿಡಿದು ಜ್ವಾಲಾಮುಖಿಗಳನ್ನು ಉಕ್ಕಿಸಿದೆ. ಆಗ ನಾನು ಕಂಡಿದ್ದ ಅತಿ ದೊಡ್ಡ ಜಲರಾಶಿಯೆಂದರೆ ಲಾಲ್‌ಬಾಗಿನ ಕೆರೆ. ಹತ್ತಿದ್ದ ಅತಿ ಎತ್ತರದ ಪರ್ವತವೆಂದರೆ ಅದೇ ಲಾಲ್‌ಬಾಗಿನ ಬಂಡೆ. ಆದರೂ ಮಕ್ಕಳಿಗೆ ಅನುಮಾನ ಬರಲಿಲ್ಲ. ಅವರು ಕಂಡಿದ್ದೂ ಅಷ್ಟೇ ಆಗಿತ್ತಲ್ಲ!

ಈ ಸುಳ್ಳು ಸಲೀಸಾಗಿ ನಾಲ್ಕು ವರ್ಷ ನಡೆಯಿತು. ಸಿಕ್ಕಿಬಿದ್ದದ್ದು ಅರವತ್ತೊಂದರ ಫೆಬ್ರವರಿಯಲ್ಲಿ, ಕಮರಿಯ ಪಾಠದ ದಿನ. ನದಿ ಬಂಡೆಯನ್ನು ಕೊರೆದು ಕೊರೆದು ತನಗೆ ತಾನೇ ಆಳದ ಓಣಿಯೊಂದನ್ನು ಮಾಡಿಕೊಳ್ಳುತ್ತದೆ, ಅದೇ ಕಮರಿ ಎಂದು ಹೇಳಿ, ಎರಡು ಅಂಗೈಗಳನ್ನು ಎದುರುಬದುರು ಹಿಡಿದು ತೋರಿಸಿದೆ. ಹಿಂದಿನ ಬೆಂಚಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಅದರೊಳಗೆ ನಿಂತ್ರೆ ಆಕಾಶ ಎಷ್ಟು ಕಾಣುತ್ತೆ?"

ಅಂಗೈಗಳ ನಡುವೆ ಇಣುಕಿ ನೋಡಿದೆ. ಅಲ್ಲಿ ಉತ್ತರವಿರಲಿಲ್ಲ. "ಅದು ಮುಂದಿನ ತರಗತಿಯ ಪಾಠದಲ್ಲಿ ಬರುತ್ತೆ, ಕೂತ್ಕೋ" ಎಂದೆ. ಮೇಷ್ಟ್ರ ವೃತ್ತಿಯಲ್ಲಿ 'ಮುಂದಿನ ತರಗತಿ' ಎನ್ನುವುದು ಗೊತ್ತಿಲ್ಲದ್ದನ್ನೆಲ್ಲ ತುಂಬಿಡುವ ಅಟ್ಟ. ಆದರೆ ಆ ಹುಡುಗಿ ಕೂತ ರೀತಿ ನೋಡಿದರೆ, ಅವಳು ಆ ಅಟ್ಟದ ಏಣಿಯನ್ನು ಪತ್ತೆ ಹಚ್ಚಿಬಿಟ್ಟಿದ್ದಾಳೆ ಅನ್ನಿಸಿತು. ನನಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ, ಆಕಾಶ ಎಷ್ಟು ಕಾಣುತ್ತದೆ ಎಂದು ನನಗೂ ನೋಡಬೇಕು ಅನ್ನಿಸಿಬಿಟ್ಟಿತು.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಾನು ಚಾಮರಾಜಪೇಟೆಯ ವಠಾರದಲ್ಲಿ ಬೆಳೆದವಳು. ಐವತ್ತೆಂಟರಲ್ಲಿ ಮದುವೆಯಾಗಿ ಜಯನಗರಕ್ಕೆ ಬಂದೆ. ಅಲ್ಲಿ ನಮ್ಮ ನೆರೆಯವರೆಲ್ಲ ಬೇರೆ ಬೇರೆ ಪೇಟೆಗಳಿಂದ ಬಂದು ಮನೆ ಕಟ್ಟಿಸಿಕೊಂಡವರು. ನನ್ನ ಗಂಡನ ಮನೆಯವರು ಮಾತ್ರ ಹಾಗಲ್ಲ. ಅವರು ಜಯನಗರಕ್ಕೆ ಬಂದವರಲ್ಲ, ಜಯನಗರವೇ ಅವರ ಹೊಲಕ್ಕೆ ಬಂದಿತ್ತು. ಯಡಿಯೂರಿನ ಒಕ್ಕಲುಮನೆ. ಬಡಾವಣೆಗೆ ಹೊಲ ಹೋದ ಮೇಲೆ ಸಿಕ್ಕ ಒಂದು ನಿವೇಶನದಲ್ಲಿ ಹೆಂಚಿನ ಮನೆ ಕಟ್ಟಿದ್ದರು. ಮಾವನವರು ತೀರಿಕೊಂಡಿದ್ದರು. ಮನೆಯಲ್ಲಿದ್ದವರು ಮೂವರೇ: ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು, ನಾನು, ನನ್ನ ಅತ್ತೆ ನಂಜಮ್ಮ.

ಅತ್ತೆಗೆ ಐವತ್ತೆರಡಿರಬಹುದು. ಮಿತಭಾಷಿ. ಮಂಡಿ ನೋವೆಂದು ಗೋಡೆ ಹಿಡಿದೇ ನಡೆಯುತ್ತಿದ್ದರು. ಅಡುಗೆಮನೆಯಿಂದ ಹಿತ್ತಿಲವರೆಗೆ ಗೋಡೆಯ ಸುಣ್ಣದ ಮೇಲೆ ಅವರ ಅಂಗೈ ಎತ್ತರಕ್ಕೆ ಮಾಸಲು ಗೆರೆಯೊಂದು ಎದ್ದಿತ್ತು. ಅವರ ತವರು ಕನಕಪುರದ ಆಚೆ ಎಲ್ಲೋ ಕಾಡಿನಲ್ಲಿ ಎಂದಷ್ಟೇ ನನಗೆ ಗೊತ್ತಿದ್ದುದು. ಹನ್ನೆರಡಕ್ಕೆ ಮದುವೆಯಾಗಿ ಬಂದವರು, ಹಿಂತಿರುಗಿ ಹೋಗಿರಲಿಲ್ಲವಂತೆ. ಅವರು ಬಂದ ಎರಡೇ ವರ್ಷಕ್ಕೆ ಆ ಹಳ್ಳಿ ಕಾಡುಜ್ವರದಿಂದ ಬರಿದಾಗಿ, ಉಳಿದವರು ಮೇಲಿನ ದೊಡ್ಡಾಲಹಳ್ಳಿಗೆ ಬಂದು ನೆಲೆಸಿದ್ದರು. ಹೋಗೋಣವೆಂದರೂ ಊರೇ ಇರಲಿಲ್ಲ.

ಕಮರಿಯ ಪ್ರಶ್ನೆ ಬಂದ ಆ ಸಂಜೆ ನಾನು ಶಾಲೆಯ ಭೂಪಟವನ್ನು ನಡುಮನೆಯಲ್ಲಿ ಹಾಸಿಕೊಂಡು ಕೂತಿದ್ದೆ. ಅತ್ತೆ ಪಕ್ಕದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದರು.

"ಆ ನೀಲಿ ಗೆರೆ ಏನವ್ವ?" ಎಂದರು.

"ಕಾವೇರಿ, ಅತ್ತೆ."

"ಇಷ್ಟು ಸಣ್ಣಕ್ಕೈತಾ!" ಎಂದು ಕೊಂಚ ಬೇಸರದಿಂದಲೇ ಅಂದರು. ಆಮೇಲೆ, "ಸಂಗಮ ಎಲ್ಲೈತೆ?" ಎಂದರು. ಅರ್ಕಾವತಿ ಬಂದು ಕಾವೇರಿಗೆ ಸೇರುವ ಜಾಗದ ಮೇಲೆ ಬೆರಳಿಟ್ಟು ತೋರಿಸಿದೆ. ಅತ್ತೆ ಮೊರದಿಂದ ಒಂದು ಅಕ್ಕಿಕಾಳು ತೆಗೆದು, ಆ ಜಾಗಕ್ಕಿಂತ ಒಂದು ಕೂದಲೆಳೆಯಷ್ಟು ಕೆಳಗೆ ಇಟ್ಟರು. "ಇಲ್ಲಿಂದ ಇಲ್ಲಿಗೆ ಒಂದು ಕಾಲ್ದಾರಿ ಐತೆ. ಹೊಳೆ ಪಕ್ಕದಲ್ಲೇ ಓಯ್ತದೆ, ಮೇಕೆದಾಟಿನ ತಾವ್ಕೆ. ಅದ್ನ ಬರ್ದೇ ಇಲ್ವಲ್ಲ."

ಭೂಪಟದಲ್ಲಿ ಕಾಲುದಾರಿಗಳನ್ನು ಬರೆಯುವುದಿಲ್ಲ ಅತ್ತೆ ಎಂದೆ. ಅವರು ನಂಬಲಿಲ್ಲ. ದಾರಿಯನ್ನೇ ಬರೆಯದ ಮೇಲೆ ಪಟವನ್ನು ಯಾಕೆ ಬರೆಯಬೇಕು ಎನ್ನುವುದು ಅವರ ಮುಖದಲ್ಲಿದ್ದ ಪ್ರಶ್ನೆ. ಮೊರವನ್ನೊಮ್ಮೆ ಕೇರಿ, ಇನ್ನೊಂದು ಕೇಳಿದರು. "ನಮ್ಮನೆ ಮೇಲೆ ಹುಯ್ಯೋ ಮಳೆ ನೀರು ಅಲ್ಲಿಗೆ ಓಯ್ತದಾ?"

ಇಂಥ ಪ್ರಶ್ನೆಗೆ ಉತ್ತರಿಸುವುದೆಂದರೆ ನನಗೆ ಬಲು ಹಿಗ್ಗು. ಬೆಂಗಳೂರು ಒಂದು ದಿಬ್ಬದ ಬೆನ್ನ ಮೇಲೆ ಕೂತಿದೆ. ಪಡುವಲ ಇಳಿಜಾರಿನಲ್ಲಿ ಬಿದ್ದ ನೀರು ಒಂದು ಕಡೆಗೆ, ಮೂಡಲ ಇಳಿಜಾರಿನದು ಇನ್ನೊಂದು ಕಡೆಗೆ. ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆನ್ನುವ ವೃಷಭಾವತಿ ಅರ್ಕಾವತಿಯನ್ನು ಸೇರಿ, ಸಂಗಮಕ್ಕೆ ಹೋಗಿ, ಕಾವೇರಿಯಾಗುತ್ತದೆ. ಆದರೆ ನಮ್ಮ ಮನೆಯ ನೀರು ಮೂಡಲಿಗೆ ಇಳಿದು ಬೆಳ್ಳಂದೂರು ಕೆರೆಗೆ ಹೋಗಿ, ದಕ್ಷಿಣ ಪಿನಾಕಿನಿ ಸೇರಿ ತಮಿಳುಸೀಮೆ ಪಾಲಾಗುತ್ತದೆ ಎಂದು ಕೈಬೀಸಿ ವಿವರಿಸಿದೆ. ಅತ್ತೆ ಎಲ್ಲವನ್ನೂ ಕೇಳಿದರು.

"ಹಂಗಾದ್ರೆ ನಮ್ಮನೆ ಬಚ್ಚಲ್ ನೀರೂ ನನ್ ತವರ್ಗೆ ಓಗಕ್ಕಿಲ್ಲ ಅನ್ನು" ಎಂದು ಹೇಳಿ ಮತ್ತೆ ಕಲ್ಲು ಆರಿಸತೊಡಗಿದರು.

ಅವರು ಅದನ್ನು ದುಃಖದಿಂದೇನೂ ಹೇಳಲಿಲ್ಲ, ತಿಳಿದ ವಿಷಯವನ್ನು ಮನದಟ್ಟು ಮಾಡಿಕೊಳ್ಳುವವರಂತೆ ಹೇಳಿದರು. ಅದಕ್ಕೇ ಇರಬೇಕು, ನನಗೆ ತಡೆಯಲಾಗಲಿಲ್ಲ. "ಬೇಸಗೆ ರಜೆಯಲ್ಲಿ ನಾವೇ ಹೋಗಿ ಬರೋಣ ಅತ್ತೆ" ಎಂದುಬಿಟ್ಟೆ.

ಯಜಮಾನರು ಮೂರು ಅಡ್ಡಿಗಳನ್ನು ತೆಗೆದರು. ಅವ್ವನಿಗೆ ಮಂಡಿ ನೋವು, ನಿನಗೆ ಬಿಸಿಲು ಆಗದು, ನನಗೆ ರಜೆ ಇಲ್ಲ. ಅತ್ತೆ ಮೊದಲನೆಯದನ್ನು ಮಾತ್ರ ಎತ್ತಿಕೊಂಡರು. "ನನ್ ಮಂಡಿ ನನ್ ಜೊತೇಲೇ ಬತ್ತದೆ ಬುಡಪ್ಪ. ನಿನ್ಗೇನು ಕಷ್ಟ?" ಉಳಿದೆರಡು ಅಡ್ಡಿಗಳು ತಾವಾಗಿ ಬಿದ್ದುಹೋದವು.

ಏಪ್ರಿಲ್ ಕೊನೆಯ ವಾರ. ಕನಕಪುರಕ್ಕೆ ಒಂದು ಬಸ್ಸು, ಅಲ್ಲಿಂದ ದೊಡ್ಡಾಲಹಳ್ಳಿಗೆ ಇನ್ನೊಂದು. ಅಲ್ಲಿ ಅತ್ತೆಯ ಅಣ್ಣನ ಮಗ ಸಿದ್ದೇಗೌಡನ ಮನೆಯಲ್ಲಿ ಉಳಿದು, ಬೆಳಕು ಹರಿಯುತ್ತಲೇ ಅವನ ಎತ್ತಿನ ಗಾಡಿಯಲ್ಲಿ ಕಾಡಿನ ಇಳಿಜಾರು ಇಳಿದು ಸಂಗಮಕ್ಕೆ ಬಂದೆವು. ಅರ್ಕಾವತಿಯನ್ನು ದಾಟಬೇಕಿತ್ತು. ದಾಟಿಸಲು ಇದ್ದದ್ದು ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲು. ಅದು ದಡದಲ್ಲಿ ನಿಂತಲ್ಲೇ ಒಂದು ಸುತ್ತು ತಿರುಗಿ ತೋರಿಸಿತು. ಯಜಮಾನರು ತಮ್ಮ ಪಾಲಿಷ್ ಮಾಡಿದ ಬೂಟನ್ನೂ ಹರಿಗೋಲನ್ನೂ ಒಂದೊಂದು ಸಲ ನೋಡಿ, "ನಾನು ಇಲ್ಲೇ ಸಾಮಾನು ನೋಡ್ಕೊಂಡಿರ್ತೀನಿ" ಎಂದರು. ಸಾಮಾನು ಎಂದರೆ ಒಂದು ಕೊಡೆ, ಒಂದು ಬುತ್ತಿಗಂಟು. ಸಿದ್ದೇಗೌಡ ಜೊತೆಗೆ ಬರಲು ಹೊರಟ. ಅತ್ತೆ ಬಿಡಲಿಲ್ಲ.

"ನೀನು ಹುಟ್ಟಕ್ ಮುಂಚೇನೇ ನಾನು ನಡ್ದಿರೋ ದಾರಿ ಅದು. ನೀನು ಎತ್ತು ನೋಡ್ಕೊ, ಅವುನ್ನೂ ನೋಡ್ಕೊ" ಎಂದು ಮಗನ ಕಡೆ ಕೈ ತೋರಿಸಿದರು.

"ಆನೆಗೋಳು ಬೆಳಗಾಗ್ತಲೇ ನೀರು ಕುಡ್ದು ಬೆಟ್ಟ ಹತ್ಕೊಂಡು ಓಗಿರ್ತವೆ ಅತ್ತೆ. ಆದ್ರೂ ಹೊತ್ತು ಇಳಿಯಕ್ ಮುಂಚೆ ಬಂದ್ಬುಡಿ" ಎಂದ ಸಿದ್ದೇಗೌಡ.

ಹೀಗೆ ನಾವಿಬ್ಬರೇ ಆಚೆ ದಡ ಸೇರಿದೆವು. ಹೊಂಗೆ, ಹುಣಸೆ, ಹೊಳೆಮತ್ತಿ ಮರಗಳ ನಡುವೆ ಅತ್ತೆ ಒಂದು ಕ್ಷಣ ನಿಂತು ನೆಲ ನೋಡಿದರು. ನನಗೆ ಅಲ್ಲಿ ಕಂಡದ್ದು ಒಣ ಎಲೆ, ಆನೆಯ ಲದ್ದಿ. ಅವರಿಗೆ ದಾರಿ ಕಂಡಿತು. ಸೀರೆಯನ್ನು ಒಂದು ಗೇಣು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನಡೆದುಬಿಟ್ಟರು.

ನಡೆದರು ಎಂದು ಬರೆದೆನಲ್ಲ, ಆ ಮಾತು ಸಾಲದು. ಎರಡೂವರೆ ವರ್ಷದಿಂದ ನಾನು ಕಂಡಿದ್ದ ಅತ್ತೆ ಗೋಡೆ ಹಿಡಿದು ಹೆಜ್ಜೆ ಹೆಜ್ಜೆಗೂ 'ಉಶ್' ಎನ್ನುವವರು. ಇಲ್ಲಿ ಗೋಡೆಯೇ ಇರಲಿಲ್ಲ, ಬಹುಶಃ ಅದಕ್ಕೇ ಅವರಿಗೆ ಅದರ ನೆನಪಾಗಲಿಲ್ಲ. ಬೇರು ಬಂದಲ್ಲಿ ಕಾಲು ತಾನಾಗಿ ಎತ್ತುತ್ತಿತ್ತು, ಕೊಂಬೆ ಬಂದಲ್ಲಿ ತಲೆ ತಾನಾಗಿ ಬಾಗುತ್ತಿತ್ತು. ನಲವತ್ತು ವರ್ಷ ಆ ಕಾಲುಗಳು ಯಡಿಯೂರಿನಲ್ಲಿ, ಜಯನಗರದಲ್ಲಿ, ಯಾರದೋ ಮನೆಯಲ್ಲಿ ಅತಿಥಿಯಾಗಿದ್ದಂತೆ ಇದ್ದವೇನೋ. ಇಪ್ಪತ್ತಾರು ವರ್ಷದ ನಾನು ಹಿಂದೆ ಏದುಸಿರು ಬಿಡುತ್ತಾ ಓಡುತ್ತಿದ್ದೆ.

ಬಲಗಡೆ ಕಾವೇರಿ, ಎಡಗಡೆ ಕಾಡು ಹೊತ್ತ ಬೆಟ್ಟ. ನಡುವೆ ಒಂದೇ ಒಂದು ಪಾದದ ಅಗಲದ ದಾರಿ. ಪಕ್ಕಪಕ್ಕದಲ್ಲಿ ನಡೆಯುವ ಮಾತೇ ಇಲ್ಲ. ನಮ್ಮ ಜಯನಗರದ ರಸ್ತೆಗಳು ಆಗ ಎಷ್ಟು ಅಗಲವಾಗಿ, ಎಷ್ಟು ಖಾಲಿಯಾಗಿ ಇದ್ದವೆಂದರೆ ಎಂಟು ಜನ ಸಾಲಾಗಿ ಕೈ ಹಿಡಿದು ನಡೆಯಬಹುದಿತ್ತು. ಆದರೂ ಆ ಅಗಲದಲ್ಲಿ ನಾನೂ ಅತ್ತೆಯೂ ಹಾಲು, ಸೌದೆ, ಸೀಮೆಎಣ್ಣೆ ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ. ಈ ಕಾಲುದಾರಿಯಲ್ಲಿ ಒಂದು ವಿಚಿತ್ರ ನಡೆಯಿತು. ಅತ್ತೆಯ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ಎದುರಿಗೆ ಮುಖವಿಲ್ಲದಿದ್ದರೆ ಮಾತಿಗೆ ನಾಚಿಕೆಯಿರುವುದಿಲ್ಲ. ಸೊಸೆಯಂದಿರು ಅತ್ತೆಯ ಬೆನ್ನ ಹಿಂದೆ ಮಾತಾಡಿಕೊಳ್ಳುವುದು ಎಲ್ಲೆಲ್ಲೂ ಇದೆ. ಅತ್ತೆಯ ಬೆನ್ನೇ ಸೊಸೆಯೊಂದಿಗೆ ಮಾತಾಡಿದ್ದನ್ನು ಕೇಳಿದವಳು ನಾನೊಬ್ಬಳೇ ಇರಬೇಕು.

"ನಾನು ಮೇಕೆ ಹೊಡ್ಕೊಂಡು ದಿನಾ ಬತ್ತಿದ್ದೆ ಕಣವ್ವ, ಈ ದಾರೀಲಿ" ಎಂದಿತು ಬೆನ್ನು.

"ಒಬ್ಬರೇನಾ?"

"ಬರೋವಾಗ ಒಬ್ಳೇ. ಅಲ್ಲೋದ್ಮೇಲೆ ಮಾದಿ ಸಿಕ್ತಿದ್ಲು."

ಮಾದಿ ಯಾರೆಂದು ಕೇಳಿದೆ. ಮೇಕೆದಾಟಿನಲ್ಲಿ ಹೊಳೆ ಇದ್ದಕ್ಕಿದ್ದಂತೆ ಕಿರಿದಾಗುತ್ತದೆ. ಎರಡು ಬಂಡೆಗೋಡೆಗಳ ನಡುವೆ ಇಷ್ಟಗಲವಾಗಿ ನುಗ್ಗಿ ಹೋಗುತ್ತದೆ. ಈಚೆ ಬಂಡೆಯ ಮೇಲೆ ಅತ್ತೆ ಮೇಕೆ ಮೇಯಿಸುತ್ತಿದ್ದರು. ಆಚೆ ಬಂಡೆಯ ಮೇಲೆ ಅವರ ವಯಸ್ಸಿನದೇ ಇನ್ನೊಂದು ಹುಡುಗಿ, ಮಾದಿ, ಮೇಕೆ ಮೇಯಿಸುತ್ತಿದ್ದಳು. ಬೇಸಗೆಯಲ್ಲಿ ನೀರು ತಗ್ಗಿದಾಗ ಕೂಗಿದರೆ ಒಬ್ಬರದು ಒಬ್ಬರಿಗೆ ಕೇಳುತ್ತಿತ್ತು. ದಾಟಲು ಅಲ್ಲಿ ಸಾಧ್ಯವಿಲ್ಲ. ಹರಿಗೋಲು ಹತ್ತಿ ಸುತ್ತು ಹಾಕಿ ಹೋಗಲು ಮನೆಯಲ್ಲಿ ಬಿಡುವವರಿಲ್ಲ. ಆಚೆಯದು ಆಗ ಇನ್ನೊಂದು ಸರ್ಕಾರದ ಸೀಮೆ. ಅತ್ತೆಯದು ಮಹಾರಾಜರ ಮೈಸೂರು, ಮಾದಿಯದು ಇಂಗ್ಲಿಷರ ಮದರಾಸು ಪ್ರಾಂತ್ಯ. ನಾಲ್ಕು ಬೇಸಗೆ ಹೀಗೆ ಕಳೆಯಿತಂತೆ. ಸುಟ್ಟ ಕಡಲೆಕಾಯಿಯನ್ನು ಬಟ್ಟೆಚೂರಿನಲ್ಲಿ ಕಲ್ಲಿನೊಂದಿಗೆ ಕಟ್ಟಿ ಎಸೆಯುತ್ತಿದ್ದರು. ಅರ್ಧ ಆಚೆ ಬೀಳುತ್ತಿತ್ತು, ಅರ್ಧ ಹೊಳೆಗೆ.

"ಒಂದು ದಿನಾನೂ ಮುಟ್ಟಿ ಮಾತಾಡ್ಸಿಲ್ಲ ಕಣವ್ವ ನಾನು ಅವ್ಳ. ಮೂಗ್ಬೊಟ್ಟು ಇಟ್ಟಿದ್ಲೋ ಇಲ್ವೋ ಅನ್ನೋದೂ ಕಾಣ್ತಿರ್ಲಿಲ್ಲ."

ಅಷ್ಟರಲ್ಲಿ ಅತ್ತೆ ಗಕ್ಕನೆ ನಿಂತರು. ದಾರಿ ಮುಗಿದಿತ್ತು. ಯಾವುದೋ ವರ್ಷದ ಪ್ರವಾಹ ದಡದ ಮಣ್ಣನ್ನು ಕಿತ್ತೊಯ್ದು, ಹತ್ತು ಹನ್ನೆರಡು ಅಡಿಯಷ್ಟು ಉದ್ದಕ್ಕೆ ಬರೀ ಓರೆ ಬಂಡೆಯನ್ನು ಉಳಿಸಿತ್ತು. ಅದರ ಮೈಯಲ್ಲಿ ಅಂಗಾಲು ಊರುವಷ್ಟು ಒಂದು ಅಂಚು. ಕೆಳಗೆ, ಮೂರಾಳು ಆಳದಲ್ಲಿ, ಹಸಿರು ನೀರು.

ಅತ್ತೆ ಚಪ್ಪಲಿ ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಬಂಡೆಗೆ ಎದೆ ಒತ್ತಿ, ಓರೆಯಾಗಿ ನಾಲ್ಕು ಹೆಜ್ಜೆ ಹಾಕಿ ಆಚೆ ದಾಟಿಬಿಟ್ಟರು. ನಾನು ಎರಡು ಹೆಜ್ಜೆ ಹಾಕಿ, ಕೆಳಗೆ ನೋಡಿ, ಅಲ್ಲೇ ಅಂಟಿಕೊಂಡೆ. ಮುಂದಕ್ಕೂ ಹೋಗಲಾರೆ, ಹಿಂದಕ್ಕೂ ಬರಲಾರೆ. ನದಿಯ ಸವೆತ, ಬಂಡೆಯ ಬಗೆ, ನೀರಿನ ವೇಗ ಎಲ್ಲ ಬಾಯಿಪಾಠವಾಗಿದ್ದ ನಾನು ಬಂಡೆಯ ಬಿರುಕಿನಲ್ಲಿ ಉಗುರು ಊರಿ ನಿಂತಿದ್ದೆ. "ಅತ್ತೆ, ನನ್ನ ಕೈಲಾಗೋದಿಲ್ಲ" ಎಂದೆ. ಅಳುತ್ತಿದ್ದೆ ಎಂದೂ ಹೇಳಿಬಿಡಬೇಕು.

ಅತ್ತೆ ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ದಾಟಿದ್ದ ಅಂಚನ್ನೇ ಹಿಡಿದು ಮತ್ತೆ ನನ್ನ ಬಳಿಗೆ ಬಂದರು. ಸೆರಗನ್ನು ಬಿಚ್ಚಿ ಅದರ ತುದಿಯನ್ನು ನನ್ನ ಮುಂಗೈಗೆ ಒಂದು ಸುತ್ತು ಸುತ್ತಿದರು.

"ನೀರ್ ನೋಡ್ಬೇಡ. ಕಾಲೂ ನೋಡ್ಬೇಡ. ಈ ಸೆರಗಿನ ಅಂಚು ನೋಡು. ಯಾವ್ ಬಣ್ಣ ಐತೆ?"

"ಕೆಂಪು."

"ಅದ್ರಲ್ಲಿ ಏನೈತೆ?"

"ರುದ್ರಾಕ್ಷಿ."

"ಎಣುಸ್ತಾ ಬಾ."

ಹನ್ನೊಂದೋ ಹನ್ನೆರಡೋ ಎಣಿಸುವಷ್ಟರಲ್ಲಿ ಮಣ್ಣು ಕಾಲಿಗೆ ಸಿಕ್ಕಿತು. ನಿಂತು ಕಣ್ಣೊರೆಸಿಕೊಂಡೆ. ಆ ಸೀರೆಯ ಅಂಚು ಹರಿದು ಒಂದು ಗೇಣು ಜೋತು ಬಿದ್ದಿತ್ತು. ಸೀರೆ ಹಾಳಾಯಿತಲ್ಲ ಅತ್ತೆ ಎಂದೆ. "ಸೊಸೆ ಹಾಳಾಗ್ಲಿಲ್ವಲ್ಲ, ನಡಿ" ಎಂದರು. ಮದುವೆಯಾಗಿ ಎರಡೂವರೆ ವರ್ಷಕ್ಕೆ ನನ್ನ ಬಗ್ಗೆ ಅವರು ಆಡಿದ ಮೊದಲ ಮೆಚ್ಚುಗೆಯ ಮಾತು ಅದು.

ಆಮೇಲೆ ದಾರಿ ಬಂಡೆಗಳ ಮೇಲೆ ಸಾಗಿತು. ನೀರು ಕಲ್ಲುಗುಂಡುಗಳನ್ನು ತಿರುವಿ ತಿರುವಿ ಕೊರೆದ ದುಂಡನೆಯ ಗುಳಿಗಳು, ಒಂದಕ್ಕಿಂತ ಒಂದು ನುಣುಪು. ಗಂಗಮ್ಮ ಹಿಟ್ಟು ರುಬ್ಬುವ ಒರಳುಗಳು ಅವು ಎಂದು ಅತ್ತೆ ಹೇಳಿದರು. ನಮ್ಮ ಪಠ್ಯಪುಸ್ತಕ ಒಂದು ಪುಟದಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ಸದ್ದು ಮೊದಲು ಬಂತು, ಕಮರಿ ಆಮೇಲೆ ಕಂಡಿತು. ಅಷ್ಟು ಅಗಲದ ಕಾವೇರಿ, ಯಾರೋ ಕರೆದು ಗದರಿಸಿದಂತೆ, ಮೈ ಹಿಡಿಯಾಗಿಸಿಕೊಂಡು ಎರಡು ಕಪ್ಪು ಗೋಡೆಗಳ ನಡುವೆ ನುಗ್ಗುತ್ತಿತ್ತು. ಮೇಕೆಯೊಂದು ಹಾರಿ ದಾಟಿತೆಂದು ಆ ಹೆಸರು ಬಂದಿದ್ದರೆ, ಅದು ಬಹಳ ಹಂಬಲವಿದ್ದ ಮೇಕೆಯೇ ಇರಬೇಕು. ನಾನು ಶಾಸ್ತ್ರಕ್ಕೆ ತಲೆಯೆತ್ತಿ ಆಕಾಶವನ್ನೂ ನೋಡಿದೆ. ಧಾರಾಳವಾಗಿ ಕಾಣುತ್ತಿತ್ತು. ಆದರೆ ಅಲ್ಲಿ ನಿಂತವರಿಗೆ ತಲೆ ಎತ್ತಬೇಕು ಅನ್ನಿಸುವುದೇ ಇಲ್ಲ. ಕಣ್ಣು ಆಚೆ ದಡವನ್ನೇ ನೋಡುತ್ತದೆ. ಜೂನ್‌ನಲ್ಲಿ ಶಾಲೆ ತೆರೆದಾಗ ಆ ಎರಡು ಜಡೆಯ ಹುಡುಗಿಯನ್ನು ಹುಡುಕಿಕೊಂಡು ಹೋಗಿ ಇದನ್ನೇ ಹೇಳಿದೆ.

ಅತ್ತೆ ಬಂಡೆಯ ಅಂಚಿನಲ್ಲಿ ಕೂತರು. ಈಗ ಮುಖ ಕಾಣುತ್ತಿತ್ತು, ಆದರೂ ಮಾತು ನಿಲ್ಲಲಿಲ್ಲ.

"ಮದ್ವೆ ಗೊತ್ತಾಗಿದ್ದು ಹೇಳಣ ಅಂತ ಓಡಿ ಬಂದೆ ಕಣವ್ವ. ಅವತ್ತು ಹೊಸ ನೀರು ಬಂದ್ಬುಟ್ಟಿತ್ತು. ಕೆಂಪ್ಗೆ. ಏನ್ ಸದ್ದು ಅಂತೀಯ! ಕನ್ನಂಬಾಡಿ ಕಟ್ಟೆ ಎಲ್ಲಿತ್ತು ಆಗ? ನಾನು ಕೂಗ್ದೆ, ಕೂಗ್ದೆ. ಅವ್ಳಿಗೆ ಕೇಳ್ಲಿಲ್ಲ. ಏನು, ಏನು ಅಂತ ಕೈ ಮಾಡಿದ್ಲು. ಆಮ್ಯಾಕೆ ನಗಾಡ್ತಾ, ನಾಳೆ ಹೇಳು ಅಂತ ಸನ್ನೆ ಮಾಡಿ ಒಂಟೋದ್ಲು."

ನಾಳೆ ಎನ್ನುವುದು ಬರಲಿಲ್ಲ. ಮರುದಿನ ಅರಿಸಿನ ಹಚ್ಚಿ ಕೂರಿಸಿದರು. ಬಂಡಿಯಲ್ಲಿ ಯಡಿಯೂರಿಗೆ ಬಂದಾಗ ಹಾದಿಯುದ್ದಕ್ಕೂ ಅತ್ತರಂತೆ. ತವರು ಬಿಟ್ಟು ಬರುವ ಹುಡುಗಿ ಅಳುವುದು ಸಹಜವೆಂದು ಎಲ್ಲರೂ ಅಂದುಕೊಂಡರು.

"ಹೊಳೆ ತಗ್ಗಿದ್ ಮ್ಯಾಲೆ ಅವ್ಳು ಬಂದಿರ್ತಾಳೆ ಅಲ್ವಾ? ಬಂದು, ಕಾದು, ಕಾದು... ಎಷ್ಟು ದಿನ ಕಾದ್ಲೋ. ನಂಜಿ ಸತ್ಲು ಅಂದ್ಕೊಂಡ್ಲೋ, ನಂಜಿಗೆ ಕೊಬ್ಬು ಬಂತು ಅಂದ್ಕೊಂಡ್ಲೋ. ಅದೊಂದು ನಂಗೆ ಇಲ್ಲಿ ಹಿಡ್ಕೊಂಡ್ಬುಟ್ಟೈತೆ" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು.

ನಾನು ಐವತ್ತಾರರ ಏಕೀಕರಣದ ಪಾಠವನ್ನು ಪ್ರತಿವರ್ಷ ಮಾಡುತ್ತಿದ್ದವಳು. ಕೊಳ್ಳೇಗಾಲದ ಸೀಮೆ ಮದರಾಸಿನಿಂದ ಮೈಸೂರಿಗೆ ಸೇರಿತು ಎಂದು ಪಟದಲ್ಲಿ ಗೆರೆ ಅಳಿಸಿ ತೋರಿಸುತ್ತಿದ್ದೆ. ಗೆರೆ ಅಳಿಸಿದ್ದರೂ ಹೊಳೆ ಹೊಳೆಯಾಗಿಯೇ ಇತ್ತು.

ಅತ್ತೆ ಎದ್ದು ನಿಂತರು. ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದರು. ನಮ್ಮ ಮನೆಯಲ್ಲಿ ಯಾರನ್ನೂ ಎತ್ತರದ ದನಿಯಲ್ಲಿ ಕರೆದವರಲ್ಲ ಅವರು. ಆ ಗಂಟಲಿನಿಂದ ಹೊರಟ ಕೂಗಿಗೆ ಬಂಡೆಯ ಮೇಲಿದ್ದ ಬೆಳ್ಳಕ್ಕಿಗಳು ಎದ್ದು ಹಾರಿದವು.

"ಮಾದೀ... ಏ ಮಾದೀ... ನನ್ಗೆ ಮದ್ವೆ ಆಯ್ತು ಕಣೇ... ಬೆಂಗ್ಳೂರ್ಗೆ ಕೊಟ್ಬುಟ್ರು ಕಣೇ..."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಆಚೆ ಬರೀ ಕಾಡು, ಬಂಡೆ. ಅತ್ತೆ ಮತ್ತೊಮ್ಮೆ ಕೂಗಿದರು. ಮೂರನೆಯ ಕೂಗಿಗೆ ಆಚೆ ಬಂಡೆಯ ಹಿಂದಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಮೂವತ್ತರ ಆಸುಪಾಸಿನವಳು, ತಲೆಯ ಮೇಲೆ ಸೌದೆ ಹೊರೆ. ಹೊರೆ ಇಳಿಸಿ ಅಂಚಿಗೆ ಬಂದು ಕೂಗಿದಳು.

"ಯಾವ್ ಮಾದೀ...?"

ಅತ್ತೆ ನನ್ನ ಮುಖ ನೋಡಿದರು. ನಲವತ್ತು ವರ್ಷ ಅವರು ಈ ಪ್ರಶ್ನೆಯನ್ನು ಯೋಚಿಸಿರಲಿಲ್ಲ.

"ಮೇಕೆ ಮೇಯಿಸ್ತಿದ್ದ ಮಾದೀ..."

"ನಮ್ಮಟ್ಟೀಲಿ ಎಲ್ರೂ ಮೇಕೆ ಮೇಯ್ಸೋರೇಯಾ... ಮನ್ಗೊಬ್ಬ್ಳು ಮಾದಿ ಅವ್ಳೆ... ನಾನೂ ಮಾದೀನೇ...!"

ಮಾದೇಶ್ವರನ ಬೆಟ್ಟದ ಒಕ್ಕಲು ಅವರೆಲ್ಲ. ಹುಟ್ಟಿದ ಹೆಣ್ಣುಮಕ್ಕಳಿಗೆ ಅದಲ್ಲದೆ ಬೇರೆ ಯಾವ ಹೆಸರಿಡುತ್ತಾರೆ? ಅತ್ತೆ ಬಂಡೆಯ ಅಂಚಿಗೆ ಇನ್ನೊಂದು ಹೆಜ್ಜೆ ಇಟ್ಟರು. ಆಮೇಲೆ ಮತ್ತೆ ಕೈಗಳನ್ನು ಬಾಯಿಗೆ ಹಿಡಿದರು.

"ಹಂಗಾದ್ರೆ ಎಲ್ಲಾ ಮಾದೀರ್ಗೂ ಹೇಳ್ಬುಡವ್ವಾ... ನಂಜಿ ಬಂದಿದ್ಲು ಅಂತ... ನಂಜಿ ಸತ್ತಿಲ್ಲ ಅಂತ..."

ಆ ಹೆಂಗಸು ಆಗಲಿ ಎನ್ನುವಂತೆ ಕೈ ಎತ್ತಿ, ಹೊರೆ ಹೊತ್ತು ಕಾಡಿನೊಳಕ್ಕೆ ಹೊರಟುಹೋದಳು. ಅವಳ ಹಿಂದೆ ಎಲೆಗಳು ಅಲ್ಲಾಡಿ ನಿಂತವು.

ಸಂಗಮಕ್ಕೆ ಮರಳಿದಾಗ ಯಜಮಾನರು ಬುತ್ತಿಯ ಮುಕ್ಕಾಲು ಭಾಗವನ್ನು ಜೋಪಾನವಾಗಿ ತಿಂದು ಮುಗಿಸಿದ್ದರು. "ಏನಿತ್ತವ್ವ ಅಲ್ಲಿ?" ಎಂದು ಕೇಳಿದರು. "ಏನಿಲ್ಲಪ್ಪ. ಒಂದ್ಮಾತು ಹೇಳೋದಿತ್ತು, ಹೇಳ್ಬುಟ್ ಬಂದೆ" ಎಂದರು ಅತ್ತೆ. ಜಯನಗರದಲ್ಲಿ ಬಸ್ಸಿಳಿದು ಗೇಟು ತೆಗೆದದ್ದೇ ತಡ, ಅತ್ತೆಯ ಕೈ ಗೋಡೆಗೆ ಹೋಯಿತು.

ಮುಂದಿನ ಸಂಕ್ರಾಂತಿಯ ಹೊತ್ತಿಗೆ ಸಿದ್ದೇಗೌಡ ಒಂದು ಚೀಲ ಹುರುಳಿ ಹೊತ್ತುಕೊಂಡು ನಮ್ಮ ಮನೆಗೆ ಬಂದ. ಕಾಫಿ ಕುಡಿದ ಮೇಲೆ ನೆನಪು ಮಾಡಿಕೊಂಡವನಂತೆ ಹೇಳಿದ. "ಅತ್ತೆ, ಹರಿಗೋಲಿನವ್ನ ಕೈಲಿ ನಿಮ್ಗೊಂದು ಮಾತು ಬಂದದೆ. ಆಚೆ ದಡದ ಮುದ್ಕಿ, ಮಾದಮ್ಮ ಅಂತೆ. ತವರ್ಮನೆ ಸೊಸೆ ಬಂದು ಹೇಳಿದ್ಲಂತೆ ನೀವು ಕೂಗಿದ್ದ."

ಅತ್ತೆಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಏನಂದ್ಲಂತೆ?"

"ನಂಜಿಗೆ ಹೇಳು, ಆ ನಾಳೆ ದಿನ ನಾನೂ ಓಗ್ಲಿಲ್ಲ ಅಂತ. ಅವ್ಳಿಗೂ ಅದೇ ತಿಂಗ್ಳು ಮದ್ವೆ ಮಾಡ್ಬುಟ್ರಂತೆ, ಬೆಟ್ಟದ ಆಚೆ ಊರ್ಗೆ. ನಂಜಿ ಬಂದು ಕಾದು ಕಾದು ಏನಂದ್ಕೊಂಡ್ಲೋ ಅಂತ ಇಷ್ಟು ವರ್ಷ ಅವ್ಳಿಗೂ ಅದೇ ಚಿಂತೆಯಂತೆ."

ಅತ್ತೆ ಲೋಟ ಕೆಳಗಿಟ್ಟು ಮುಖ ತಗ್ಗಿಸಿದರು. ಆಮೇಲೆ ಅವರ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದೆ. ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. "ನಲ್ವತ್ ವರ್ಷ ಕಣವ್ವ! ಆ ಮೂದೇವಿ ಬಂದೇ ಇರ್ಲಿಲ್ಲ! ನಾನು ಇಲ್ಲಿ ಕೊರಗಿದ್ದೇ ಬಂತು!"

ಅಂದಿನಿಂದ ಅತ್ತೆ ಹಗುರಾದರು. ಮೇಕೆದಾಟಿನ ಸುದ್ದಿಯನ್ನೇ ಎತ್ತಲಿಲ್ಲ. ನನಗೆ ಮಾತ್ರ ಬೇರೆಯೇ ಕಾಯಿಲೆ ಹತ್ತಿಕೊಂಡಿತು. ಪಾಠ ಮಾಡುವಾಗ, ಸೌತ್ ಎಂಡ್ ಬಳಿ ಬಸ್ಸಿಗೆ ನಿಂತಾಗ, ಕಣ್ಣ ಮುಂದೆ ಆ ದಾರಿ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ದಾರಿಯಲ್ಲಿ ನನ್ನ ಮುಂದೆ ಮುಂದೆ ಹೋಗುತ್ತಿದ್ದ ಆ ಹೆಂಗಸು. ಅವಳು ಜಯನಗರಕ್ಕೆ ಬರಲೇ ಇಲ್ಲ. ಮರಳುವಾಗ ಸಂಗಮದಲ್ಲಿ ಹರಿಗೋಲು ಹತ್ತುವ ಮುಂಚೆಯೇ ಎಲ್ಲೋ ಉಳಿದುಬಿಟ್ಟಿದ್ದಳು.

ಮತ್ತೆ ಬೇಸಗೆ ಬಂತು. ಶಾಲೆಗೆ ರಜೆ ಬಿಟ್ಟ ದಿನವೇ, ಹಿತ್ತಿಲಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದ ಅತ್ತೆಯ ಪಕ್ಕ ಹೋಗಿ ಕೂತೆ. "ಅತ್ತೆ, ಈ ಸಲವೂ ಹೋಗಿ ಬರೋಣ್ವಾ?" ಎಂದೆ.

"ಯಾಕವ್ವ? ಮಾದಿ ಚೆಂದಾಗವ್ಳಂತಲ್ಲ" ಎಂದರು ಅವರು. ನಾನೂ ಒಂದು ಹಣ್ಣು ಎತ್ತಿಕೊಂಡು ಬೀಜ ಬಿಡಿಸತೊಡಗಿದ್ದನ್ನು ಕಂಡು, ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟು, ನನ್ನ ಮುಖವನ್ನೇ ನೋಡಿದರು.

"ಯಾಕೆ, ನಿನ್ಗೂ ಯಾರ್ಗಾದ್ರೂ ಕೂಗಿ ಹೇಳೋದೇನಾದ್ರೂ ಐತಾ?"

ಇತ್ತು. ಆದರೆ ಕೂಗಿ ಹೇಳಲು ಅವರು ತೀರಾ ಹತ್ತಿರ ಕೂತಿದ್ದರು.